ಗುಂಡಿಗೆ ಸೆಗಣಿ ಸಾರಿಸಿದ ದೇವಮ್ಮ

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಸರಿಯಾದ ಪದಗಳೂ ಬೇಗ ಸಿಗುವುದಿಲ್ಲ. ಊರಿನ ಯಾರಾದರೊಬ್ಬರ ಬಗ್ಗೆ ಬರೆದುಕೊಡು ಎಂದು ಗ್ರಂಥಾಲಯದ ಮೋಹಿನಿ ಅಕ್ಕ ಕೇಳಿದ್ದರಿಂದ ನೆರೆಮನೆಯ ದೇವಮ್ಮತ್ತೆಯ ಬಗ್ಗೆ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಕೇಳಿದ್ದೇನೆ. "ಬರಿ, ಆದರೆ ಆ ಸೆಗಣಿ ಕತೆ ಬಿಡ್ಬೇಡ" ಎಂದರು.

ದೇವಮ್ಮತ್ತೆ ಅಜ್ಜಾವರದಲ್ಲಿ ಹುಟ್ಟಿ ಬೆಳ್ಳಾರೆಗೆ ಮದುವೆಯಾಗಿ ಬಂದವರು. ಕಳೆದ ವರ್ಷದವರೆಗೂ ಬೇರೆಯವರ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ಬಗ್ಗಿ ಬಗ್ಗಿ ಸೊಂಟ ನೋವು ಬಂತು. ಆಗಲೇ ನಮ್ಮ ಗುಡ್ಡದ ಮೇಲೆ ಹೆದ್ದಾರಿ ಹೋಗುತ್ತದೆ ಎಂದಾಯಿತು. ರಸ್ತೆ ಮಾಡುವ ಮೊದಲು ಮಣ್ಣಿನಡಿಯಲ್ಲಿ ಹಳೆಯ ಕಾಲದ ವಸ್ತುಗಳಿವೆಯೇ ಎಂದು ನೋಡುವವರು ಬಂದರು. ಅಲ್ಲಿ ಅತ್ತೆಗೂ ನನಗೂ ಕೆಲಸ ಸಿಕ್ಕಿತು. ಚೌಕದ ಗುಂಡಿಯಲ್ಲಿ ಕುಳಿತು ಬ್ರಶ್ಶಿನಿಂದ ಮಣ್ಣು ಸರಿಸುವುದು ಅವರ ಕೆಲಸ, ಮಡಕೆ ಚೂರು ತೊಳೆಯುವುದು ನನ್ನದು.

"ಕೂತು ಮಾಡುವ ಕೆಲಸ ಮಗಾ, ಸೊಂಟಕ್ಕೆ ಸುಖ. ಇದೊಂದು ಕೈತಪ್ಪಬಾರ್ದು" ಎಂದು ಅವರು ದಿನಾ ಹೇಳುತ್ತಿದ್ದರು.

ಒಂದು ಸಂಜೆ ಗುಂಡಿಯ ತಳದಲ್ಲಿ ಕಪ್ಪು ಮಣ್ಣು ಕಂಡಿತು. ಕೆಲಸ ನೋಡಿಕೊಳ್ಳುವ ಯಜ್ಞೇಶ್ವರ ಸರ್ ಬಹಳ ಖುಷಿಪಟ್ಟರು.

"ಇದು ಹಳೆ ಕಾಲದ ಒಲೆಯ ಮಸಿ ಇರ್ಬೇಕು. ಪರೀಕ್ಷೆಗೆ ಕಳಿಸ್ಲಿಕ್ಕೆ ಉಂಟು. ನಾಳೆ ದೊಡ್ಡ ಆಫೀಸರು ಬರ್ತಾರೆ, ಗುಂಡಿ ಚೊಕ್ಕ ಇರ್ಲಿ."

ಮರುದಿನ ನಾವು ಹೋಗುವಾಗ ಅತ್ತೆ ಮೊದಲೇ ಬಂದಿದ್ದರು. ಗುಂಡಿಯ ತಳ ಕಪ್ಪಗೆ ಮಿಂಚುತ್ತಿತ್ತು. ದೊಡ್ಡವರು ಬರುವ ದಿನ ನಮ್ಮಲ್ಲಿ ಅಂಗಳ ಸಾರಿಸದೆ ಇರುವುದಿಲ್ಲ. ಅತ್ತೆ ಮನೆಯಿಂದ ಸೆಗಣಿ ತಂದು, ಬಣ್ಣ ಬರಲೆಂದು ತೆಂಗಿನ ಚಿಪ್ಪು ಸುಟ್ಟ ಮಸಿ ಕಲಸಿ, ಅಡಿಕೆ ಹಾಳೆಯ ತುಂಡಿನಿಂದ ಮೂಲೆ ಮೂಲೆಯನ್ನೂ ಸಾರಿಸಿದ್ದರು.

ಮಣ್ಣು ಜರಡಿ ಹಿಡಿಯುವ ಐಸಮ್ಮ ಬಗ್ಗಿ ನೋಡಿ, "ಇನ್ನು ರಂಗೋಲಿ ಒಂದು ಬಾಕಿ ಉಂಟು ಮಾರಾಯ್ತಿ!" ಎಂದರು.

ಸರ್ ತಲೆಯ ಮೇಲೆ ಕೈಯಿಟ್ಟರು. "ಎಂತ ಮಾಡಿದ್ರಿ ದೇವಮ್ಮ! ಹಳೆ ಮಸಿಯ ಮೇಲೆ ಹೊಸ ಮಸಿ! ಇನ್ನು ಪರೀಕ್ಷೆಗೆ ಎಂತ ಕಳಿಸುದು?"

ಅತ್ತೆಯ ಮುಖ ಬಾಡಿತು. ಊಟದ ಚೀಲ ಎತ್ತಿಕೊಂಡು, "ನಾನು ಮನೆಗೆ ಹೋಗ್ತೇನೆ ಸರ್" ಎಂದರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.

ಸರ್ ಗುಂಡಿಗಿಳಿದು ಬದಿಯ ಮಣ್ಣಿನ ಗೋಡೆಯನ್ನು ನೋಡಿದರು. ಅಲ್ಲಿ ಬೆರಳಗಲದ ಕಪ್ಪು ಗೆರೆ ಹಾಗೆಯೇ ಉಳಿದಿತ್ತು. ತಳದ ಹಳೆ ಮಸಿಯ ಪದರವೇ ಗೋಡೆಯೊಳಗೂ ಮುಂದುವರಿದಿತ್ತು.

"ಗೋಡೆಗೆ ಯಾಕೆ ಬಳಿಯಲಿಲ್ಲ?"

"ಗೋಡೆಗೆ ಯಾರು ಸೆಗಣಿ ಹಾಕ್ತಾರೆ ಸರ್? ಅದಕ್ಕೆ ಸುಣ್ಣ ಅಲ್ವಾ? ಸುಣ್ಣ ನಿನ್ನೆ ಅಂಗಡಿಯಲ್ಲಿ ಇರ್ಲಿಲ್ಲ."

"ನಮ್ಮ ಪುಣ್ಯ!" ಎಂದು ಸರ್ ಜೋರಾಗಿ ನಕ್ಕರು. ಐಸಮ್ಮ ನಕ್ಕು ನಕ್ಕು ಜರಡಿ ಕೆಳಗಿಟ್ಟರು.

ಆಫೀಸರು ಬಂದು ಗೋಡೆಯ ಮಸಿಯನ್ನೇ ತೆಗೆಸಿ ಡಬ್ಬಿಗೆ ಹಾಕಿದರು. ಅವರು ಹೋದ ಮೇಲೆ ಸರ್, "ಚೀಲ ಕೆಳಗಿಡಿ ದೇವಮ್ಮ. ಸಾರಿಸಿದ್ದನ್ನು ನೀವೇ ಕೆರೆದು ತೆಗೀರಿ. ಇನ್ನು ಎಂತ ಮಾಡುದಿದ್ದರೂ ನನ್ನತ್ರ ಕೇಳಿ" ಎಂದರು.

ಅತ್ತೆ ಸಂಜೆಯವರೆಗೂ ಕುಳಿತು ಕೆರೆದರು. ಸೊಂಟ ನೋವೆಂದು ಒಮ್ಮೆಯೂ ಹೇಳಲಿಲ್ಲ.

ನಾಳೆ ಪಕ್ಕದ ಗುಂಡಿ ತೆರೆಯುತ್ತಾರೆ. ಬೇಗ ಎದ್ದು, ನಾನು ಅತ್ತೆಯ ಜೊತೆಗೇ ಹೋಗುತ್ತೇನೆ.