ಮಾಲೀಕರು ವಾಸವಿಲ್ಲದ ಮನೆ

ನನ್ನ ಭಾವ ಪೇಂಟರ್. ಕಂಡವರ ಮನೆಗೆಲ್ಲ ಬಣ್ಣ ಬಳಿದೇ ಕೂದಲು ಬೆಳ್ಳಗಾದ ಮನುಷ್ಯ. ತಾವು ಬಳಿದ ಮನೆಗೆ ಆರು ತಿಂಗಳು ಬಿಟ್ಟು ಹೋದರೆ ಸ್ವಿಚ್ಚಿನ ಸುತ್ತ ಕೈಗುರುತು, ಒಲೆಯ ಹಿಂದೆ ಎಣ್ಣೆ ಸಿಡಿದ ಕಲೆ. ನೋಡಿ ನೋಡಿ ಅವರ ಹೊಟ್ಟೆ ಉರಿದುಹೋಗಿತ್ತು. ಅದಕ್ಕೇ ಸ್ವಂತ ಮನೆ ಕಟ್ಟಿಸಿ, ತಾವೇ ನಿಂತು ಬಣ್ಣ ಹೊಡೆದು, ಬಾಗಿಲಿಗೆ ಬೀಗ ಜಡಿದರು. ಸಂಸಾರವೆಲ್ಲ ಹಿತ್ತಲಿನ ಶೆಡ್ಡಿನಲ್ಲಿ, ಡಬ್ಬ, ಬ್ರಷ್ಷು, ಏಣಿಗಳ ನಡುವೆ. ಗೋಡೆ ಪೂರ್ತಿ ಒಣಗಲಿ ಎಂದಿದ್ದರು. ನಾಲ್ಕು ವರ್ಷವಾದರೂ ಆ ಪುಣ್ಯಾತ್ಮರ ಗೋಡೆ ಒಣಗಲಿಲ್ಲ. ನಾನು ಹೋದಾಗಲೆಲ್ಲ ಜಗಳ ತೆಗೆಯುತ್ತಿದ್ದೆ. ಅಕ್ಕನೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಈ ವರ್ಷ, ಮಾಲೀಕರೇ ವಾಸವಿರುವ ಮನೆಗೆ ತೆರಿಗೆಯಲ್ಲಿ ಅರ್ಧದಷ್ಟು ರಿಯಾಯಿತಿ ಎಂದು ಪ್ರಕಟಣೆ ಬಂತು. ಮಂಡಿನೋವಿನಿಂದ ಏಣಿ ಹತ್ತಲಾಗದೆ ಭಾವನ ದುಡಿಮೆ ಬಿದ್ದುಹೋಗಿತ್ತು. ರಿಯಾಯಿತಿ ಸಿಗದಿದ್ದರೆ ತೆರಿಗೆ ಕಟ್ಟಲು ಮನೆಯನ್ನು ಬಾಡಿಗೆಗೆ ಕೊಡದೆ ಬೇರೆ ದಾರಿಯಿರಲಿಲ್ಲ. ಕೊಟ್ಟರೆ ಅಕ್ಕನಿಗೆ ಆ ಮನೆ ಈ ಜನ್ಮದಲ್ಲಿ ದಕ್ಕುವುದಿಲ್ಲ ಎಂದು ನನಗೆ ಸಂಕಟ.

ತೆರಿಗೆ ಕಚೇರಿಯಿಂದ ಒಬ್ಬರು ನೋಡಲು ಬಂದ ದಿನ ನಾನೂ ಅಲ್ಲೇ ಇದ್ದೆ. ಸ್ವಿಚ್ಚು ನಾವೇ ಹಾಕುತ್ತೇವೆ, ದಯವಿಟ್ಟು ಮುಟ್ಟಬೇಡಿ ಎಂದರು ಭಾವ. ಆ ಅಧಿಕಾರಿ ಅಡುಗೆಮನೆಯ ನಲ್ಲಿ ತಿರುಗಿಸಿದರು, ನೀರಿಲ್ಲ. ಸಿಂಕಿನ ಸ್ಟಿಕ್ಕರ್ ಇನ್ನೂ ಕಿತ್ತಿರಲಿಲ್ಲ. ಬೀರು ಖಾಲಿ, ಹಾಸಿಗೆಗೆ ಅಂಗಡಿಯ ಪ್ಲಾಸ್ಟಿಕ್ಕು.

"ಇಲ್ಲಿ ಯಾರೂ ವಾಸ ಇಲ್ವಲ್ಲ ಯಜಮಾನ್ರೇ. ರಿಯಾಯಿತಿ ಹೇಗೆ ಕೊಡೋದು?"

ಭಾವನಿಗೆ ಸಿಟ್ಟು ನೆತ್ತಿಗೇರಿತು. ಕಟ್ಟಿಸಿದ್ದು ನಾನು, ಇರುವವರು ನಾವು, ಬೇಕಾದರೆ ಇವಳನ್ನೇ ಕೇಳಿ ಎಂದು ಅಕ್ಕನ ಕಡೆ ಕೈ ತೋರಿಸಿದರು. ಗಂಡನ ಮಾತಿಗೆ ಎಂದೂ ಎದುರಾಡದವಳು, ಹೂಂ ಅನ್ನುತ್ತಾಳೆ ಬಿಡು ಅಂದುಕೊಂಡೆ.

"ಇಲ್ಲ ಸಾರ್," ಎಂದಳು ಅಕ್ಕ. "ನಾನು ಇಲ್ಲಿ ಒಂದು ದಿನಾನೂ ಇದ್ದಿಲ್ಲ. ಒರೆಸೋಕೆ ಮಾತ್ರ ಬರ್ತೀನಿ."

ಭಾವ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅಧಿಕಾರಿ, ತಿಂಗಳೊಳಗೆ ನೀವು ಇಲ್ಲಿ ವಾಸಕ್ಕೆ ಬಂದರೆ ಇನ್ನೊಮ್ಮೆ ನೋಡುತ್ತೇನೆ ಎಂದು ಹೊರಟುಹೋದರು.

ಅವರು ಹೋದ ಮೇಲೆ ಭಾವ ಎದ್ದರು. ಕುಂಟುತ್ತಲೇ ಶೆಡ್ಡಿಗೆ ಹೋಗಿ ಒಲೆ, ಸಿಲಿಂಡರ್ ಎರಡನ್ನೂ ತಾವೇ ಎಳೆದುತಂದು ಹೊಸ ಅಡುಗೆಮನೆಯಲ್ಲಿಟ್ಟರು. ನಾನು ಕೈಹಾಕಲು ಹೋದರೆ ಬಿಡಲಿಲ್ಲ. ಟೀ ಮಾಡು ಎಂದರು ಅಕ್ಕನಿಗೆ. ಅವಳು ಶೆಡ್ಡಿನಿಂದ ಹಾಲು, ನೀರು ತಂದು ಮಾಡಿದಳು. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಅವಳು ಗಾಬರಿಯಿಂದ ಬಟ್ಟೆ ಹುಡುಕಿದಳು. ಭಾವ ಬೇಡವೆಂದು ತಲೆಯಾಡಿಸಿದರು. ನಮ್ಮಿಬ್ಬರ ಕೈಗೆ ಟೀ ಕೊಟ್ಟು, ತನ್ನ ಲೋಟ ಹಿಡಿದು ಅಕ್ಕ ಹಿಂಬಾಗಿಲ ಕಡೆ ನಡೆದಳು.

"ಎಲ್ಲಿಗೆ ಹೋಗ್ತಿದ್ದೀಯ?" ಎಂದರು ಭಾವ.

"ಮನೆಗೆ," ಎಂದಳು ಅಕ್ಕ.