ಓಗೊಡದ ಬಾಗಿಲುಗಳು

ಅವರ ಕಾಲುಗಳು ಮೊಣಕಾಲಿನವರೆಗೂ ಮಿರಮಿರನೆ ಮಿನುಗುತ್ತಿದ್ದವು. ಚಿಗಟ ಹತ್ತಬಾರದೆಂದು ಸೀಮೆಎಣ್ಣೆ ಸವರಿಕೊಳ್ಳುತ್ತಿದ್ದರು. ಪಂಚೆ ಎತ್ತಿ ಕಟ್ಟಿ ಬರುತ್ತಿದ್ದರೆ ಆಳಿಗಿಂತ ಮೊದಲು ವಾಸನೆ ಬರುತ್ತಿತ್ತು. ಪ್ಲೇಗಿನ ವರ್ಷ ನಂಜನಗೂಡಿಗೆ ಬಂದ ಡಾಕ್ಟರು ಅವರು. ಹುಟ್ಟಿದ್ದು ನರಸೀಪುರದ ಕಡೆ, ನಮ್ಮ ಹಾಗೆಯೇ ಒಕ್ಕಲು ಮನೆ. ನಾನು ಮಜ್ಜಿಗೆ ಕೊಟ್ಟಾಗೆಲ್ಲ "ಉಪ್ಪು ಜಾಸ್ತಿ ಕಣವ್ವ" ಅನ್ನುತ್ತಿದ್ದರು, ಆಮೇಲೆ ಇನ್ನೊಂದು ಲೋಟ ಕೇಳುತ್ತಿದ್ದರು.

ಪ್ಲೇಗಿಗೆ ಹೆದರಿ ನಾವು ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ನನ್ನ ಮೊದಲ ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. ಇಬ್ಬನಿಗೆ ಅವಳ ಎದೆ ಗೊರಗೊರ ಅನ್ನುತ್ತಿತ್ತು. ಊರೊಳಗೆ ವಾಪಸು ಹೋಗಬಹುದೋ ಇಲ್ಲವೋ ಡಾಕ್ಟರೇ ಹೇಳಬೇಕು. ಊರು ಬಿಡದೆ ಉಳಿದವರ ಬಾಗಿಲಿಗೆಲ್ಲ ಹೋಗಿ, ಜ್ವರ ಇದೆಯೇ ಅಂತ ಕೇಳಿ ಬಂದಿದ್ದರು.

"ಓಗೊಟ್ಟ ಮನೇಲಿ ಯಾರಿಗೂ ಏನೂ ಇಲ್ಲ ಗೌಡ್ರೇ," ಅಂದರು.

ಮಾವ ಆಗಲೇ ಎದ್ದು ನಿಂತರು. "ಅಂಗಾದ್ರೆ ಊರು ಸರಿಹೋಯ್ತು. ಗಾಡಿ ಕಟ್ಟಿಸ್ತೀನಿ. ಕೂಸು ಇಲ್ಲಿ ಚಳೀಲಿ ಸಾಯ್ತದೆ."

"ಓಗೊಟ್ಟ ಮನೆ ಅಂದೆ. ನಿಮ್ಮ ಬೀದೀಲಿ ಮುಕ್ಕಾಲುಪಾಲು ಬಾಗಿಲು ತೆಗೀಲೇ ಇಲ್ಲ."

"ಒಂದೇ ಬೀದಿ, ಒಂದೇ ನೀರು. ಇವ್ರು ಚೆನ್ನಾಗಿದ್ರೆ ಅವ್ರೂ ಚೆನ್ನಾಗಿರ್ತಾರೆ ಬುಡಿ."

"ಇರಬೋದು. ಇಲ್ದೇನೂ ಇರಬೋದು. ಕೇಳ್ದೆ ಹೆಂಗೆ ಹೇಳ್ಲಿ? ಓಗೊಟ್ಟೋರಷ್ಟೇ ಊರಲ್ಲ ಗೌಡ್ರೇ."

ಬಾಗಿಲು ಯಾಕೆ ತೆಗೆಯಲಿಲ್ಲ ಅನ್ನುವುದು ನಮಗೆ ಗೊತ್ತಿತ್ತು. ಮಾರಿ ಹೊರಗೆ ನಿಂತು ನಮ್ಮವರ ದನಿಯಲ್ಲೇ ಒಂದು ಸಲ ಕೂಗುತ್ತಾಳೆ, ಓಗೊಟ್ಟವರನ್ನು ಕರಕೊಂಡು ಹೋಗುತ್ತಾಳೆ. ಮೂರು ಸಲ ಕೂಗಿದರೆ ಮಾತ್ರ ಮನುಷ್ಯರು. ಅತ್ತೆ ನೇರವಾಗಿಯೇ ಕೇಳಿದರು: "ನೀವು ಎಷ್ಟು ಸಲ ಕೂಗಿದ್ರಿ ಸಾಮಿ?"

ಡಾಕ್ಟರು ತಲೆ ಕೆರೆದುಕೊಂಡು ನಕ್ಕರು. "ನಮ್ಮವ್ವನೂ ಹಿಂಗೇ ಹೇಳ್ತಾಳೆ. ಕಾಯಿಲೆ ಬಿದ್ದೋರು ಇರೋ ಮನೇಲೇ ಆ ಭಯ ಜಾಸ್ತಿ. ಜೊತೆಗೆ ನಾನು ಎಲ್ಲಿ ಪ್ಲೇಗು ರೋಗಿಗಳ ಷೆಡ್ಡಿಗೆ ಎಳ್ಕೊಂಡು ಹೋಯ್ತೀನೋ ಅಂತ ಬೇರೆ. ನಾಳೆ ಇನ್ನೊಂದ್ಸಲ ಹೋಗಿ ಬರ್ತೀನಿ. ಅಲ್ಲೀಗಂಟ ಗಾಡಿ ಕಟ್ಟಬೇಡಿ."

ಮಾವ ಗೊಣಗಿದರು, ಆದರೆ ಕಟ್ಟಿಸಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆಯ ಜೊತೆ ಮನೆಯ ಹೊಸಿಲಿಗೆ ದೀಪ ಇಟ್ಟು ಬರಲು ಹೋಗಿದ್ದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಡಾಕ್ಟರು ಒಂದು ಬಾಗಿಲಲ್ಲಿ ನಿಂತು ಕೂಗಿದರು. ಸದ್ದಿಲ್ಲ. ಮತ್ತೆ ಕೂಗಿದರು. ಒಳಗೆ ಯಾರೋ ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ ಅನ್ನಿಸಿತು. ಮೂರನೆಯ ಕೂಗಿಗೆ ಅಗುಳಿ ಸರಿಯಿತು.

"ಮುದ್ದೆ ಉಣ್ತಿದ್ದೆ ಕಣ್ ಸಾ. ಚೆನ್ನಾಗೇ ಇವ್ನಿ. ಯಾಕಿಂಗೆ ಪ್ರಾಣ ತಿಂತೀರಿ?" ಅಂತ ಮುದುಕನೊಬ್ಬ ರೇಗಿದ. ಡಾಕ್ಟರು ಅವನಿಗೆ ಕೈಮುಗಿದು ಮುಂದೆ ಹೋದರು. ಆಚೆ ಮನೆಯಲ್ಲಿ ಜ್ವರ. ಅದರಾಚೆಯಲ್ಲೂ ಜ್ವರ, ತೊಡೆಸಂದಿಯಲ್ಲಿ ಗೆಡ್ಡೆ.

ಕೊನೆಯದು ನಮ್ಮ ಗೋಡೆಗೆ ಅಂಟಿದ ಮನೆ. ಬಾಗಿಲು ಬೆರಳಗಲ ತೆರೆಯಿತು. ಆ ಮನೆಯ ಸೊಸೆ, ನನ್ನ ಓರಗೆಯವಳು, ಪಿಸುಗುಟ್ಟಿದಳು: "ಮೆಲ್ಲಗೆ ಮಾತಾಡಿ ಸಾಮಿ. ಈಗ ತಾನೇ ಎಲ್ಲಾರೂ ಮಲಗವ್ರೆ."

ಒಳಗೆ ಹೋದ ಡಾಕ್ಟರು ಅಂಗವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. ಅವಳೂ ಹಿಂದೆಯೇ ಬಂದಳು, ನನ್ನನ್ನು ನೋಡಿ ನಕ್ಕಳು. "ಎದ್ಮೇಲೆ ಉಣ್ಣಕ್ಕಿಕ್ಬೇಕು ಕಣಕ್ಕ," ಅಂದಳು. ಒಳಗೆ ಏಳುವವರು ಯಾರೂ ಇರಲಿಲ್ಲ.

ನನ್ನ ಮಗಳ ತೊಟ್ಟಿಲು ಕಟ್ಟುತ್ತಿದ್ದದ್ದು ಅದೇ ಗೋಡೆಯ ಪಕ್ಕಕ್ಕೆ. ಗಾಡಿ ಕಟ್ಟಿದ್ದರೆ ಹಿಂದಿನ ರಾತ್ರಿ ಅವಳು ಅಲ್ಲೇ ಮಲಗಿರುತ್ತಿದ್ದಳು.

"ಗುಡಿಸಲಿಗೆ ಇನ್ನೊಂದು ಪದರ ಹುಲ್ಲು ಹೊದಿಸ್ಲಿ ಅಂತ ಗೌಡ್ರಿಗೆ ಹೇಳವ್ವ," ಅಂದರು ಡಾಕ್ಟರು. ಆಮೇಲೆ ಆ ಸೊಸೆಯ ಕೈಹಿಡಿದು, ಹೆತ್ತ ಮಗಳನ್ನು ನಡೆಸುವ ಹಾಗೆ ಷೆಡ್ಡಿಗೆ ನಡೆಸಿಕೊಂಡು ಹೋದರು. ಅವಳು ಬದುಕಿದಳು. ಅವರು ಬದುಕಲಿಲ್ಲ. ಕೆಲವೇ ದಿನದಲ್ಲಿ ಅದೇ ಷೆಡ್ಡಿನಲ್ಲಿ ತೀರಿಕೊಂಡರು. ಬೂದಿಯನ್ನು ಅವರ ತಾಯಿ ನರಸೀಪುರದ ಸಂಗಮದಲ್ಲಿ ಬಿಟ್ಟರಂತೆ.

ಊರು ನಿಜವಾಗಿ ಸರಿಹೋದ ಮೇಲೆಯೇ ನಾವು ಮನೆಗೆ ಬಂದೆವು. ಮಗಳು ನನ್ನ ಕಂಕುಳಿಂದ ಜಾರಿ ಅಂಬೆಗಾಲಿಟ್ಟು ತಾನೇ ಹೊಸಿಲು ದಾಟಿದಳು. ನಮ್ಮೂರ ದೇವರು ನಂಜುಂಡಪ್ಪ ನಡೆಸಿಕೊಟ್ಟದ್ದನ್ನೆಲ್ಲ ನೆನೆಯುವಾಗ ನಾನು ಮೊದಲು ನೆನೆಯುವುದು ಅದನ್ನೇ. ಈಗ ಅವಳ ಮಕ್ಕಳು ಬಂದು ಮನೆ ಹಾರಿಹೋಗುವಂತೆ ಕಿರುಚಾಡುತ್ತವೆ. ನಮ್ಮ ಯಜಮಾನರು ರೇಗುತ್ತಾರೆ. ನಾನು ರೇಗುವುದಿಲ್ಲ. ನಮ್ಮ ಮನೆಯಲ್ಲಿ ಈ ಗಲಾಟೆ ಇರುವುದು ಆ ಡಾಕ್ಟರು ಹಾಕಿದ ಭಿಕ್ಷೆ.