ಇಪ್ಪತ್ತೊಂದು ದಿನದ ಕೇರಂ ಬೋರ್ಡು

ಮೊನ್ನೆ ಬೀರುವಿನ ಹಿಂದಿನಿಂದ ನನ್ನ ಹಳೆಯ ಕೇರಂ ಬೋರ್ಡನ್ನು ಎಳೆದು ತೆಗೆದೆ. ಆಡುವುದಕ್ಕಲ್ಲ. ಅದರ ಮೇಲೆ ಆಡಲು ಬರುವುದೂ ಇಲ್ಲ. ಒಂದು ಅಂಚಿನ ತುಂಬ ನಾಯಿ ಹಲ್ಲಿನ ಗುರುತು, ನಡುವೆ ಉಗುರಿನ ಗೀರು. ಸ್ಟ್ರೈಕರ್ ಹೊಡೆದರೆ ಅದು ನಮ್ಮೂರಿನ ಆಟೋದ ಹಾಗೆ ತನಗೆ ಬೇಕಾದ ಕಡೆ ತಿರುಗಿಕೊಳ್ಳುತ್ತದೆ. ಧೂಳು ಒರೆಸಲು ಒದ್ದೆ ಬಟ್ಟೆ ಹಾಕಿದ್ದೇ ತಡ, ಮರದೊಳಗಿಂದ ಲೋಬಾನದ ವಾಸನೆ ಎದ್ದಿತು. ಎರಡು ವರ್ಷವಾದರೂ ಹೋಗಿಲ್ಲ... ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ನೀರೆರೆಯೋ ಅಜ್ಜಿಯ ವಾಸನೆ ಅದು.

ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅಜ್ಜಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಬಾಣಂತಿಯರಿಗೆ ಎಣ್ಣೆ ತಿಕ್ಕುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವುದು, ಆಮೇಲೆ ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆ ಕೊಡುವುದು ಅವಳ ಕೆಲಸ. ನನಗೂ ನೀರೆರೆದವಳು ಅವಳೇ. ನಾನು ಎಷ್ಟು ಕಿರುಚುತ್ತಿದ್ದೆನೆಂದರೆ, ಹರಿಹರದ ಸೇತುವೆ ಮೇಲಿದ್ದವರು ರೈಲು ಬಂತೆಂದು ಪಕ್ಕಕ್ಕೆ ಸರಿಯುತ್ತಿದ್ದರಂತೆ. ಆ ‘ಅಂತೆ’ ಮಾತ್ರ ನಾನೇ ಸೇರಿಸಿದ್ದು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮನೆಯಲ್ಲಿ ಮೂರು ನಾಯಿಗಳಿದ್ದವು. ಟೈಗರ್ ಬೊಗಳಿದರೆ ಪೋಸ್ಟ್‌ಮ್ಯಾನ್ ನಮ್ಮ ಕಾಗದವನ್ನು ಪಕ್ಕದ ಬೀದಿಯಲ್ಲಿ ಕೊಟ್ಟು ಹೋಗುತ್ತಿದ್ದ. ಅಮ್ಮ ಮಿಕ್ಸಿ ಹಾಕಿದರೆ ಅದೇ ಟೈಗರ್ ಮಂಚದ ಕೆಳಗೆ. ಕೆಂಪಿ ವಯಸ್ಸಾದ ಹೆಣ್ಣು, ಮನೆಗೆಲ್ಲ ತಾನೇ ಅತ್ತೆ ಎಂಬ ಗತ್ತು. ಮೂರನೆಯದು ರಾಣಿ, ಬಸುರಿ. ಅವಳ ಹೊಟ್ಟೆ ಜೋತುಬೀಳುವ ಹೊತ್ತಿಗೆ ಅಪ್ಪ ನನ್ನನ್ನು ಕರೆದರು.

“ನೋಡಲೇ, ನಾಯಿ ಬೇಕು ಅಂದೋನು ನೀನು. ನಿನ್ನಿಂದ ಏನಾರ ಹೆಚ್ಚುಕಮ್ಮಿ ಆತೋ, ಮೂರನ್ನೂ ನಂದಿಗುಡಿಯ ನಮ್ಮ ಹೊಲಕ್ಕೆ ಕಳಿಸಿಬಿಡ್ತೀನಿ.”

ಅಪ್ಪ ನನ್ನ ಹಾಗಲ್ಲ. ಮಾತನ್ನು ಉಬ್ಬಿಸುವುದೂ ಇಲ್ಲ, ಆಡಿದ ಮೇಲೆ ಬಿಡುವುದೂ ಇಲ್ಲ.

ಅಮ್ಮ ಹೇಳಿಕಳಿಸಿದಳು, ಅಜ್ಜಿ ಬಂದಳು. ರಾಣಿಯ ಹೊಟ್ಟೆ ಸವರಿ, “ಇನ್ನೊಂದು ವಾರ ಐತೆ” ಎಂದವಳು ಆ ಕ್ಷಣದಿಂದ ಇಡೀ ಮನೆಯನ್ನೇ ವಹಿಸಿಕೊಂಡಳು. ಅಕ್ಕಿಚೀಲ ಇಡುತ್ತಿದ್ದ ಕೋಣೆ ಬಾಣಂತಿ ಕೋಣೆಯಾಯಿತು. ಅದಕ್ಕೆ ಕದ ಇರಲಿಲ್ಲ. ಅಜ್ಜಿ ಸುತ್ತ ನೋಡಿ ನನ್ನ ಕೇರಂ ಬೋರ್ಡನ್ನೇ ಬಾಗಿಲಿಗೆ ಅಡ್ಡ ನಿಲ್ಲಿಸಿ, ಹೊರಗಿನಿಂದ ರುಬ್ಬುಗುಂಡು ಒತ್ತಿಟ್ಟಳು. ಟೈಗರ್ ಮನಸ್ಸು ಮಾಡಿದ್ದರೆ ಹಾರಬಹುದಿತ್ತು. ಆದರೆ ಅವನು ಸೋಫಾವನ್ನೇ ಎರಡು ಕಂತಿನಲ್ಲಿ ಹತ್ತುವವನು.

“ಅಜ್ಜೀ, ಅದು ಆಡೋದು!”

“ಮರಿ ಹಾಕಿ ಇಪ್ಪತ್ತೊಂದು ದಿನ ಆಗಾತನಕ ಆಡಬ್ಯಾಡ. ಸಾಯಲ್ಲ ನೀನು.”

ಕಾಲು ತೊಳೆಯದೆ ಯಾರೂ ಆ ಕೋಣೆಗೆ ಕಾಲಿಡುವಂತಿರಲಿಲ್ಲ. ರಾಣಿಗೆ ಊಟ ಒಳಗೆ, ಉಳಿದವಕ್ಕೆ ಹಿತ್ತಲಲ್ಲಿ. ಸಂಜೆಯಾದರೆ ಕೋಣೆಗೆಲ್ಲ ಲೋಬಾನದ ಹೊಗೆ. ಅಪ್ಪ ನಕ್ಕರು: “ಏನ್ರಿ ಅಜ್ಜಿ, ನಾಯಿಗೂ ಬಾಣಂತನಾನಾ? ಎಲೆ-ಅಡಿಕೆ ಕೊಡೋದಿಲ್ಲೇನು?”

“ಕೊಡಾಣಂತೆ. ನೀವೇ ಸುಣ್ಣ ಹಚ್ಚಿ ಮಡಿಚಿಕೊಡ್ರಿ. ಮೊದ್ಲು ಕಾಲು ತೊಳ್ಕಂಡು ಬರ್ರಿ.”

ಅಪ್ಪ ಕಾಲು ತೊಳೆಯಲೂ ಇಲ್ಲ, ಕೋಣೆಯ ಕಡೆ ಬರಲೂ ಇಲ್ಲ.

ಐದು ಮರಿ ಹುಟ್ಟಿದವು. ಒಂದು ತಲೆಕೆಳಗಾಗಿತ್ತು, ನಾನೇ ತಿರುಗಿಸಿದೆ ಎಂದು ಶಾಲೆಯಲ್ಲಿ ಹೇಳಿದೆ. ನಿಜವಾಗಿ ನಾನು ಬಚ್ಚಲಲ್ಲಿ ಕಣ್ಣುಮುಚ್ಚಿ ಕೂತಿದ್ದೆ.

ಅಜ್ಜಿ ದಿನಾ ಒಂದು ಹಳೇ ಸೀರೆಯ ತುಂಡನ್ನು ಮರಿಗಳ ಮೈಗೆ ಸವರಿ, ಹಿತ್ತಲಿಗೆ ಒಯ್ದು ಕೆಂಪಿಗೂ ಟೈಗರ್‌ಗೂ ಮೂಸಲು ಕೊಡುತ್ತಿದ್ದಳು. “ಮೂಗು ಮೊದ್ಲು. ಕಣ್ಣು ಆಮ್ಯಾಲೆ” ಎನ್ನುತ್ತಿದ್ದಳು. ನಾನು ಟೈಗರನನ್ನು ಕಟ್ಟಿಹಾಕಲು ಹೋದರೆ ಬೈದಳು. “ಕಟ್ಟಬ್ಯಾಡ, ಹೊಟ್ಟೆಕಿಚ್ಚು ಬರ್ತೈತೆ. ತಮ್ಮ ಹುಟ್ಟಿದಾಗ ದೊಡ್ಡ ಮಗನ್ನ ಹೆಂಗೆ ತಬ್ಬಿಕೋತಾರೋ ಹಂಗೆ ತಬ್ಬಿಕೋ.” ಟೈಗರನ ಉಗುರಿನ ಸದ್ದು ಕೇಳಿದರೆ ಸಾಕು, ಒಳಗೆ ರಾಣಿ ಗುರ್ ಎನ್ನುತ್ತಿದ್ದಳು. ಅದು ಸಿಟ್ಟಲ್ಲ, ಬಾಣಂತಿಯ ಅಂಜಿಕೆ ಎಂದು ಅಜ್ಜಿ ಹೇಳಿಕೊಟ್ಟಳು. ನಾನು ತಲೆಯಾಡಿಸಿದೆ. ಕೇಳಿಸಿಕೊಳ್ಳಲಿಲ್ಲ.

ಮರಿ ಹುಟ್ಟಿ ಹನ್ನೆರಡನೆಯ ದಿನ. ಪಿ.ಜೆ. ಬಡಾವಣೆಯ ಟ್ಯೂಷನ್ನಿನ ಮೂವರು ಗೆಳೆಯರು ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದರು. ನಮ್ಮ ಟೈಗರ್ ಮರಿಗಳನ್ನು ತಲೆ ಮೇಲೆ ಕೂರಿಸಿಕೊಳ್ಳುತ್ತಾನೆ ಎಂದು ಅವರಿಗೆ ಒಂದು ವಾರದಿಂದ ಹೇಳುತ್ತಿದ್ದೆ.

“ತೋರಿಸಲೇ. ಬರೀ ಬಾಯಲ್ಲೇ ಸರ್ಕಸ್ ಮಾಡ್ತೀಯಲ್ಲ” ಎಂದ ಒಬ್ಬ.

ಅಜ್ಜಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಾನು ರುಬ್ಬುಗುಂಡು ಸರಿಸಿ ಬೋರ್ಡನ್ನು ಎತ್ತಿ, ಟೈಗರನನ್ನು ಕರೆದೆ.

ಇಲ್ಲಿಂದ ಮುಂದೆ ನಾನು ಏನನ್ನೂ ಉಬ್ಬಿಸಿ ಹೇಳಿಲ್ಲ.

ಟೈಗರ್ ಬಾಲ ಆಡಿಸುತ್ತಲೇ ಒಳಗೆ ಹೋದ. ರಾಣಿ ಅವನ ಮೇಲೆ ಎಗರಿದಳು. ಅವನು ಹೆದರಿ ತಿರುಗಿದ, ಕಾಲ ಕೆಳಗೆ ಏನಿದೆ ಎಂದು ಅವನಿಗಾದರೂ ಹೇಗೆ ಗೊತ್ತಾಗಬೇಕು... ಅಜ್ಜಿ ಓಡಿಬಂದು ಎರಡರ ನಡುವೆ ಕೈ ಹಾಕಿದಳು. ರಾಣಿಯ ಹಲ್ಲು ಅವಳ ಬಲಗೈಗೆ ನಾಟಿತು. ಅಜ್ಜಿ ಕಿರುಚಲಿಲ್ಲ. “ಬಿಡವ್ವಾ... ನಾನು ಕಣವ್ವಾ...” ಎಂದಳು, ಕೂಸಿಗೆ ಹೇಳುವ ಹಾಗೆ. ರಾಣಿ ಬಿಟ್ಟಳು. ಎಲ್ಲಕ್ಕಿಂತ ಸಣ್ಣ ಮರಿ ಗೋಡೆ ಬದಿಯಲ್ಲಿ ಅಲುಗಾಡದೆ ಬಿದ್ದಿತ್ತು.

ಗೆಳೆಯರು ಓಡಿಹೋದರು. ಸದ್ದಿಗೆ ಅಪ್ಪ ಬಂದರು. ಬೋರ್ಡು ಇನ್ನೂ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿತ್ತು. ಅಜ್ಜಿ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ನಾನೇ ತೆಗೆದಿದ್ದೆ ಕಣ್ರಿ” ಎಂದಳು ಅಪ್ಪನಿಗೆ. “ವಾಪಸ್ ಇಡೋದು ಮರ್ತೆ. ವಯಸ್ಸಾತಲ್ರಿ.”

ಬಸ್ ಕಂಡಕ್ಟರನನ್ನೇ ಮಾತಿನಲ್ಲಿ ಸೋಲಿಸುವ ನನ್ನ ಬಾಯಿಂದ ಒಂದು ಪದವೂ ಹೊರಡಲಿಲ್ಲ. ನಂದಿಗುಡಿ ಹೊಲ ಕಣ್ಣಮುಂದೆ ಬಂತು, ಅಷ್ಟೇ.

ಅಪ್ಪ ಅಜ್ಜಿಯನ್ನು ಸ್ಕೂಟರಿನಲ್ಲಿ ಕರೆದೊಯ್ದು ಗಾಯಕ್ಕೆ ಪಟ್ಟಿ ಕಟ್ಟಿಸಿ, ಸೂಜಿ ಹಾಕಿಸಿದರು. ಮನೆ ಮುಟ್ಟಿಸಿ, “ನಾಳೆಯಿಂದ ಬರಬ್ಯಾಡ್ರಿ ಅಜ್ಜಿ” ಎಂದರು. ನಾಯಿಗಳು ಉಳಿದವು.

ಮಿಕ್ಕ ಒಂಬತ್ತು ದಿನ ನಾನೊಬ್ಬನೇ ಮಾಡಿದೆ. ಕಾಲು ತೊಳೆದೆ, ಸೀರೆ ತುಂಡು ಹಿತ್ತಲಿಗೆ ಒಯ್ದೆ, ಟೈಗರನನ್ನು ತಬ್ಬಿಕೊಂಡೆ. ಇಪ್ಪತ್ತೊಂದನೆಯ ದಿನ ಬೋರ್ಡು ಸರಿಸಿದಾಗ ಟೈಗರ್ ಹೊಸ್ತಿಲಲ್ಲೇ ಮಲಗಿದ. ಉಳಿದ ನಾಲ್ಕರಲ್ಲಿ ಒಂದು, ಕರಿ ಮರಿ, ತೆವಳಿಕೊಂಡು ಬಂದು ಅವನ ಮೂಗು ಚೀಪಿತು. ರಾಣಿ ಸುಮ್ಮನಿದ್ದಳು. ಅದನ್ನು ನೋಡಬೇಕಾದವಳು ಹಿಂದಿನ ಓಣಿಯಲ್ಲೇ ಇದ್ದಳು... ನಾನು ಕರೆಯಲಿಲ್ಲ.

ಅಜ್ಜಿಗೆ ಮರೆವು ಎಂಬ ಮಾತು ಓಣಿಯ ತುಂಬ ಹೇಗೆ ಹಬ್ಬಿತೋ. ಆಗ ಅವಳು ನೀರೆರೆಯುತ್ತಿದ್ದುದೇ ಒಂದು ಮನೆಯ ಕೂಸಿಗೆ. “ಮರೆವಿನ ಮುದುಕಿ ಕೈಗೆ ಕೂಸು ಕೊಡೋದು ಹೆಂಗ್ರಿ?” ಎಂದು ಆ ಮನೆಯವರೂ ಬಿಡಿಸಿದರು. ಆಮೇಲೆ ಯಾರೂ ಕರೆಯಲಿಲ್ಲ. ಅವಳು ಕೋಣೆ ಖಾಲಿ ಮಾಡಿ ಹರಿಹರದ ತಂಗಿ ಮನೆಗೆ ಹೊರಟಳು. ಆಟೋ ಹತ್ತುವಾಗ ನನ್ನನ್ನು ಕಂಡು ಕೇಳಿದ್ದು ಒಂದೇ: “ಕರಿ ಮರಿ ಹೆಂಗೈತೆ?”

“ಚೆನ್ನಾಗೈತೆ ಅಜ್ಜಿ” ಎಂದೆ. ಹೇಳಬೇಕಾದದ್ದು ಅದಲ್ಲ.

ಹರಿಹರ ಬಸ್ಸಿಗೆ ಅರ್ಧ ಗಂಟೆ. ಭದ್ರಾ ಡ್ಯಾಮಿಗೆ ಸೈಕಲ್ಲಿನಲ್ಲಿ ಹೋಗಿಬಂದೆ ಎಂದು ಊರಿಗೆಲ್ಲ ಹೇಳಿದವನಿಗೆ ಹರಿಹರ ಮುಟ್ಟಲಾಗಲಿಲ್ಲ. ಪರೀಕ್ಷೆ ಮುಗಿಯಲಿ ಎಂದೆ, ರಿಸಲ್ಟ್ ಬರಲಿ ಎಂದೆ... ಒಂದು ಸಂಜೆ ಅಮ್ಮ ಹೊರಗಿನಿಂದ ಬಂದವಳು ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಅಜ್ಜಿಯ ಮಣ್ಣಿಗೆ ಹೋಗಿ ಬಂದಿದ್ದಳು. “ಕೊನೇತನಕ ಬಲಗೈ ಮುಷ್ಟಿ ಕಟ್ಟಾಕೆ ಬರ್ತಿರಲಿಲ್ಲಂತೆ” ಎಂದಳು. ಕೂಸಿನ ಕತ್ತು ಹಿಡಿಯುತ್ತಿದ್ದ ಕೈ ಅದು.

ಈಗ ಆ ಕರಿ ಮರಿಯೇ ಬಸುರಿ. ಅದಕ್ಕೇ ಮೊನ್ನೆ ಬೋರ್ಡು ತೆಗೆದದ್ದು. ಬಾಗಿಲಿಗೆ ಅಡ್ಡ ನಿಲ್ಲಿಸುತ್ತಿದ್ದಾಗ ಅಪ್ಪ ಹಿಂದಿನಿಂದ ಹೇಳಿದರು: “ಗುಂಡು ಸರಿಯಾಗಿ ಒತ್ತಿ ಇಡು. ಆ ಅಜ್ಜಿ ಹಂಗೆ ಮರೀಬ್ಯಾಡ.”

“ಅಜ್ಜಿ ಮರ್ತಿರಲಿಲ್ಲಪ್ಪಾ. ತೆಗೆದಿದ್ದು ನಾನು.”

ಕಪಾಳಕ್ಕೆ ಬೀಳುತ್ತದೆ ಎಂದು ಕಾದೆ. ಬಿದ್ದಿದ್ದರೆ ಚೆನ್ನಾಗಿತ್ತು. ಅಪ್ಪ ಕೋಣೆಯಿಂದ ಹೊರಗೆ ತಂದಿಟ್ಟಿದ್ದ ಅಕ್ಕಿಚೀಲದ ಮೇಲೆ ಕೂತರು. “ಹಾಲಿನ ಡೈರಿ ಹತ್ರ ನಾನೇ ಹೇಳಿದ್ದೆ ಕಣೋ... ಮುದುಕಿಗೆ ಮರೆವು ಬಂದೈತೆ ಅಂತ” ಎಂದರು.

ಆಮೇಲೆ ಎದ್ದು ನಲ್ಲಿಯ ಹತ್ತಿರ ಹೋದರು. ಪ್ಯಾಂಟು ಮಡಿಚಿ ಎರಡೂ ಕಾಲು ತಿಕ್ಕಿ ತೊಳೆದರು. ಒದ್ದೆ ಕಾಲಲ್ಲಿ ಬಂದು ಬೋರ್ಡಿನ ಈಚೆ ನೆಲಕ್ಕೆ ಕೂತು, ಅದರ ಮೇಲಿನಿಂದ ಕೈ ಇಳಿಬಿಟ್ಟರು. ಒಳಗಿದ್ದವಳು ಬಂದು ಮೂಸಿದಳು.

ಹರಿಹರದ ಬಸ್ಸುಗಳು ಈಗಲೂ ಒಂದರ ಹಿಂದೊಂದು ಹೋಗುತ್ತಿವೆ. ಅರ್ಧ ಗಂಟೆಯ ದಾರಿ... ಇಳಿದು ಹೇಳುವುದು ಯಾರಿಗೆ?